ದುಂಡು ಕೀಲಿ

ಮೈಸೂರು ಕಡೆಯವರು ಬೀಗ ಎನ್ನುವದಕ್ಕೆ ನಾವು ಧಾರವಾಡದವರು ಕೀಲಿ ಎನ್ನುತ್ತೇವೆ. ಅವರು ಬೀಗದ ಕೈ ಎಂದರೆ ನಮಗೆ ಅದು ಕೀಲಿಕೈ. ಹೆಸರು ಬೇರೆಯಾದರೂ ಎರಡೂ ಕಡೆಯವರು ಅದಕ್ಕೊಂದು ಕೈಯನ್ನು ಕೊಟ್ಟಿದ್ದಾರೆ. ತೆಲುಗರು ಅದನ್ನೇ ಕಿವಿ ಎಂದು ಕರೆದರು. ಕಿವಿಯಾದರೆ ಕೇಳುತ್ತದೆ, ಕೈಯಾದರೆ ಹಾಕುತ್ತದೆ, ತೆಗೆಯುತ್ತದೆ. ಅದು ಯಾರ ಕೈ ಎಂಬ ಪ್ರಶ್ನೆ ನಮ್ಮ ಶಬ್ದದಲ್ಲಿಯೇ ಅಡಗಿದೆಯೆಂಬುದು ಅರವತ್ತು ದಾಟುವವರೆಗೆ ನನಗೆ ಹೊಳೆದಿರಲಿಲ್ಲ. ಹೊಳೆಯಿಸಿದ್ದು ಒಂದು ದುಂಡು ಕೀಲಿ.

ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಮ್ಮ ಮಾಳಮಡ್ಡಿಯ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಕುಳಿತಿತ್ತು. ಅದು ನನ್ನದಲ್ಲ. ನೆರೆಮನೆಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು ಇದ್ದ ಒಬ್ಬ ಮಾಸ್ತರರದು. ಲಗ್ನವಾಗದವರು, ಗಣಿತ ಕಲಿಸುತ್ತಿದ್ದರು, ಸಂಜೆ ನಮ್ಮ ಕಟ್ಟೆಗೆ ಬಂದು ಕೂತರೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. 2003ರಲ್ಲಿ ನಿವೃತ್ತರಾಗಿ ಬೆಳಗಾವಿಯ ಅಕ್ಕನ ಮನೆಗೆ ಹೊರಟಾಗ ಸಾಮಾನೆಲ್ಲ ಅವರಿವರಿಗೆ ಕೊಟ್ಟು, ಈ ಪೆಟ್ಟಿಗೆಯೊಂದನ್ನು ಎರಡೂ ಕೈಯಿಂದ ಎತ್ತಿಕೊಂಡು ನಮ್ಮಲ್ಲಿಗೆ ಬಂದರು. “ಇದು ನಿಮ್ಮ ಕಡೆ ಇರಲಿ, ರಾಯರ. ಅಕ್ಕನ ಮನಿಯೊಳಗ ಹುಡುಗರು ಭಾಳ. ಬೇಕಾದಾಗ ಒಯ್ತೀನಿ” ಎಂದರು. ಒಳಗೇನಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳದಿದ್ದುದಕ್ಕೆ ಅಂದು ನನ್ನ ಬಗ್ಗೆ ನನಗೇ ಒಂದಿಷ್ಟು ಅಭಿಮಾನವೆನಿಸಿದ್ದೂ ನೆನಪಿದೆ.

ಯಾವುದೋ ಕಚೇರಿಯ ಲಿಲಾವಿನಲ್ಲಿ ಕೊಂಡ ಪೆಟ್ಟಿಗೆಯಂತೆ ಅದು. ಅದರ ಕೀಲಿ ನಾವು ನೀವು ಕಂಡಂಥ ಕೀಲಿಯಲ್ಲ. ಅಲೀಗಡದ ಕೀಲಿಗಳನ್ನೂ, ದಿಂಡಿಗಲ್ಲಿನ ದಪ್ಪ ಕೀಲಿಗಳನ್ನೂ, 1897ರಲ್ಲಿ ಮುಂಬಯಿಯಲ್ಲಿ ಕೀಲಿ ಮಾಡಲು ತೊಡಗಿದ ಆರ್ದೇಶೀರ ಗೋದ್ರೆಜರ ಕೀಲಿಗಳನ್ನೂ ನಮ್ಮ ಮನೆಗಳ ಬಾಗಿಲು ಬಲ್ಲವು. ಅವಕ್ಕೆಲ್ಲ ಒಂದು ಸೀಳು ತೂತು, ಒಂದು ಚಪ್ಪಟೆ ಅಥವಾ ಹಲ್ಲಿನ ಕೈ. ಇದಕ್ಕೋ, ಎಂಟಾಣೆಯ ನಾಣ್ಯಕ್ಕಿಂತ ಸಣ್ಣದಾದ ಒಂದು ಉಂಗುರದಂಥ ಸಂದು. ನಡುವೆ ಒಂದು ಗೂಟ. ಇದರ ಕೈ ಒಂದು ಪುಟ್ಟ ಕೊಳವೆ. ಸಾದಾ ಕೀಲಿಯಲ್ಲಿ ಸಾಲಾಗಿ ನಿಲ್ಲುವ ಮೊಳೆಗಳು ಇಲ್ಲಿ ಗೂಟದ ಸುತ್ತ ವರ್ತುಲವಾಗಿ ನಿಂತಿರುತ್ತವೆ, ಸಾಮಾನ್ಯವಾಗಿ ಏಳು. ಕೊಳವೆಯ ಅಂಚಿನಲ್ಲಿ ಹೆಚ್ಚುಕಡಿಮೆ ಆಳದ ಕಚ್ಚುಗಳಿರುತ್ತವೆ. ಒತ್ತಿದಾಗ ಒಂದೊಂದು ಮೊಳೆಯೂ ತನಗೆ ಗೊತ್ತಾದಷ್ಟೇ ಒಳಕ್ಕೆ ಸರಿದು ನಿಂತರೆ ಕೀಲಿ ತಿರುಗುತ್ತದೆ. ಒಂದು ಮೊಳೆ ಕೂದಲೆಳೆಯಷ್ಟು ತಪ್ಪಿದರೂ ತಿರುಗದು. ಶಿಕಾಗೋದ ಒಂದು ಕಂಪನಿ 1930ರ ದಶಕದಲ್ಲಿ ಈ ಜಾತಿಯ ಕೀಲಿಯನ್ನು ಹೊರತಂದಿತು. ನಾಣ್ಯ ಹಾಕುವ ಯಂತ್ರಗಳಿಗೂ ಹಣದ ಪೆಟ್ಟಿಗೆಗಳಿಗೂ ಅದು ಹಬ್ಬಿತು.

ಇನ್ನು ನನ್ನ ಕಥೆಯ ಕೆಟ್ಟ ಭಾಗ.

2004ರ ಸಪ್ಟಂಬರದಲ್ಲಿ ಅಮೇರಿಕೆಯಲ್ಲಿ ಒಂದು ಗದ್ದಲವಾಯಿತು. ಕ್ರಿಪ್ಟೊನೈಟ್ ಎಂಬ ಕಂಪನಿಯ ಸೈಕಲ್ ಕೀಲಿಗಳಿಗೆ, ಬಹಳ ಗಟ್ಟಿಯೆಂದು ಹೆಸರಾದವು ಅವು, ಇದೇ ದುಂಡು ತೂತು. ಅಗ್ಗದ ಬಾಲ್‌ಪೆನ್ನಿನ ಪ್ಲಾಸ್ಟಿಕ್ಕಿನ ಕೊಳವೆಯಿಂದ ಅವನ್ನು ತೆರೆಯಬಹುದೆಂದು ಯಾರೋ ತೋರಿಸಿಬಿಟ್ಟರು. ಕಂಪನಿಯವರು ಕೀಲಿಗಳನ್ನು ಪುಕ್ಕಟೆ ಬದಲಿಸಿಕೊಡಬೇಕಾಯಿತು. ಈ ಸುದ್ದಿಯನ್ನು ನಾನು ಓದಿದೆ; ಓದಿದವನೇ ಅಟ್ಟದ ಕಡೆಗೆ ನೋಡಿದೆ. ಅಷ್ಟಕ್ಕೆ ಬಿಟ್ಟೆನೆಂದು ಬರೆಯುವಂತಿದ್ದರೆ ಚೆನ್ನಾಗಿತ್ತು. ಮರುವರ್ಷದ ಆಷಾಢದಲ್ಲಿ ಒಂದು ರಾತ್ರಿ, ಮನೆಯವರು ತವರಿಗೆ ಹೋಗಿದ್ದರು, ಮಳೆ ಹಿಡಿದು ಹೊಡೆಯುತ್ತಿತ್ತು. ಪೆಟ್ಟಿಗೆಯನ್ನು ಇಳಿಸಿ, ಬ್ಯಾಟರಿ ಹಿಡಿದು, ಪೆನ್ನಿನ ಕೊಳವೆಯನ್ನು ಕೀಲಿಗೆ ಒತ್ತಿದೆ. ಕೀಲಿ ಜಗ್ಗಲಿಲ್ಲ. ಪೆನ್ನು ಸೋತ ಮೇಲೆ ಕತ್ತರಿಯ ತುದಿ ಹಾಕಿದೆ. ಅದು ಜಾರಿ ಕೀಲಿಯ ಹೊಳಪಿನ ಅಂಚಿನ ಮೇಲೆ ಅರ್ಧಚಂದ್ರದಂಥ ಒಂದು ಗೀರು ಬಿತ್ತು. ಆಗ ನನಗೆ ಎಚ್ಚರವಾಯಿತು. ಎಚ್ಚರವೋ, ಹೆದರಿಕೆಯೋ, ಅವೆರಡಕ್ಕೂ ಅಂತರ ಅಂಥ ಹೊತ್ತಿನಲ್ಲಿ ತಿಳಿಯುವದಿಲ್ಲ.

ನನಗೆ ಹಣ ಬೇಕಾಗಿರಲಿಲ್ಲ. ಒಳಗೆ ಬಂಗಾರವಿದ್ದರೆ ಒಂದು ಗುಂಜಿಯನ್ನೂ ಮುಟ್ಟುತ್ತಿರಲಿಲ್ಲವೆಂದು ಇಂದಿಗೂ ಆಣೆಯಿಟ್ಟು ಹೇಳಬಲ್ಲೆ. ಆದರೆ ಈ ಆಣೆಯಿಂದ ಏನು ಬಂತು? ಕಾಯಿದೆಯ ಮಾತಾದರೆ ಆಣೆಗೆ ಬೆಲೆಯಿದೆ. 1860ರ ದಂಡಸಂಹಿತೆ, 2024ರ ಜೂನ್ ಮುಗಿಯುವವರೆಗೂ ನಮ್ಮನ್ನು ಆಳಿದ್ದು ಅದೇ, ಮುಚ್ಚಿದ ಪೆಟ್ಟಿಗೆಯನ್ನು ಒಡೆಯುವ ಅಪರಾಧಕ್ಕೆ 461ನೆಯ ಕಲಮಿನಲ್ಲಿ ಒಂದು ಷರತ್ತು ಹಾಕಿತ್ತು: ಅಪ್ರಾಮಾಣಿಕತೆಯಾದರೂ ಇರಬೇಕು, ಕೇಡು ಮಾಡುವ ಉದ್ದೇಶವಾದರೂ ಇರಬೇಕು. ಒಳ್ಳೆಯ ವಕೀಲನಾದರೆ ನನ್ನನ್ನು ಅರ್ಧ ತಾಸಿನಲ್ಲಿ ಬಿಡಿಸಿಕೊಂಡು ಬಂದಾನು. ಬರಿಯ ಕುತೂಹಲ, ಸ್ವಾಮಿ, ಎಂದಾನು. ಆದರೆ ಕುತೂಹಲಕ್ಕೆ “ಬರಿಯ” ಎಂಬ ವಿಶೇಷಣವನ್ನು ಹಚ್ಚಿದವರಾರೋ ನಾನರಿಯೆ. ಮಾಸ್ತರರು ಎರಡು ಕೈಯಿಂದ ಹೊತ್ತು ತಂದದ್ದು ಬಂಗಾರವಲ್ಲದೆ ತಮ್ಮ ಒಂಟಿತನದ ಕಾಗದಪತ್ರಗಳಾಗಿದ್ದರೆ, ಅವನ್ನು ಓದಿ ಮಡಚಿಟ್ಟವನು ಏನನ್ನೂ ಒಯ್ಯಲಿಲ್ಲವೆಂದು ಹೇಳಲಾದೀತೇ? ಬೇಲಿಯೇ ಎದ್ದು ಹೊಲ ಮೇಯುವದೆಂದರೆ ಪೈರನ್ನು ನುಂಗುವದೊಂದೇ ಅಲ್ಲವಷ್ಟೆ.

ಶೂದ್ರಕನ ಮೃಚ್ಛಕಟಿಕವನ್ನು ನಾನು ಆ ಮೇಲೆ ಮತ್ತೊಮ್ಮೆ ತೆಗೆದು ಓದಿದೆ. ಶರ್ವಿಲಕನೆಂಬ ಬ್ರಾಹ್ಮಣ ಕಳ್ಳನ ಅಂಕ ಎಲ್ಲರಿಗೂ ಪ್ರಿಯವಾದದ್ದು. ಗೋಡೆಗೆ ಕನ್ನ ಕೊರೆಯುವದೂ ಅವನಿಗೊಂದು ಶಾಸ್ತ್ರ. ಕನ್ನ ಯಾವ ಆಕಾರದ್ದಾದರೆ ಬೆಳಿಗ್ಗೆ ನೋಡಿದ ಜನ ಮೆಚ್ಚಿಯಾರೆಂದು ಯೋಚಿಸುತ್ತಾನೆ. ಅಳತೆಯ ದಾರ ಮರೆತು ಬಂದುದರಿಂದ ಜನಿವಾರವನ್ನೇ ದಾರ ಮಾಡಿಕೊಳ್ಳುತ್ತಾನೆ. ಕಾಲೇಜಿನಲ್ಲಿ ಓದುವಾಗ ನಾವು ನಕ್ಕದ್ದು ಈ ಜನಿವಾರಕ್ಕೆ. ಈ ಸಲ ಓದುವಾಗ ನಗೆ ಬರಲಿಲ್ಲ; ನನ್ನ ಗಮನವೆಲ್ಲ ಹೋದದ್ದು ಅವನು ಒಯ್ದ ಒಡವೆಯ ಕಡೆಗೆ. ಅದು ಚಾರುದತ್ತನದಲ್ಲ. ವಸಂತಸೇನೆ ನಂಬಿ ಇರಿಸಿಹೋದ ನ್ಯಾಸ. ಮನೆಗೆ ಕನ್ನ ಬಿದ್ದದ್ದು ತಿಳಿದಾಗ ಚಾರುದತ್ತ ಮೊದಲು ಆ ಕನ್ನದ ಕುಶಲತೆಯನ್ನೇ ಹೊಗಳುತ್ತಾನೆ. ಕಳ್ಳ ಬರಿಗೈಯಲ್ಲಿ ಹೋಗಲಿಲ್ಲವೆಂದು ಸಮಾಧಾನಪಡುತ್ತಾನೆ. ಹೋದದ್ದು ನ್ಯಾಸವೆಂಬುದು ನೆನಪಾದ ಕೂಡಲೆ ಕುಸಿಯುತ್ತಾನೆ. ಬಡವನ ಮಾತನ್ನು ಯಾರು ನಂಬಿಯಾರು ಎಂಬುದೇ ಅವನ ಸಂಕಟ. ಕೊನೆಗೆ ಹೆಂಡತಿ ಧೂತೆ ತನ್ನ ಹಾರವನ್ನು ಕೊಟ್ಟು ಗಂಡನ ಮಾನ ಕಾಯಬೇಕಾಯಿತು. ನಾನೋ ಒಂದೇ ರಾತ್ರಿ ಚಾರುದತ್ತನೂ ಆಗಿದ್ದೆ, ಶರ್ವಿಲಕನೂ ಆಗಿದ್ದೆ. ಶರ್ವಿಲಕನಿಗೆ ಇದ್ದ ವಿದ್ಯೆ ಮಾತ್ರ ನನಗಿರಲಿಲ್ಲ.

ವಿದ್ಯೆಯ ಮಾತು ಬಂತು. ಕೀಲಿ ತೆರೆಯುವ ವಿದ್ಯೆಯನ್ನೇ ಬಚ್ಚಿಟ್ಟರೆ ಇಂಥ ಅನರ್ಥಗಳು ಆಗುವದಿಲ್ಲವೆಂದು ಹೇಳುವವರುಂಟು. ನನ್ನ ಕೈಗೆ ಪೆನ್ನು ಕೊಟ್ಟದ್ದು ಆ ಸುದ್ದಿಯೇ ಅಲ್ಲವೇ? ಈ ವಾದ ಹಳೆಯದು. ಅದಕ್ಕೆ ಒಂದು ಸ್ವಾರಸ್ಯದ ಕಥೆಯೂ ಇದೆ. ಜೋಸೆಫ್ ಬ್ರಾಮಾ ಎಂಬ ಇಂಗ್ಲಿಷ್ ಕಸಬುದಾರ 1784ರಲ್ಲಿ ಒಂದು ಕೀಲಿಗೆ ಪೇಟೆಂಟು ಪಡೆದ. ಅದರ ಕೈಯೂ ಒಂದು ಪುಟ್ಟ ಕೊಳವೆಯೇ. ನಮ್ಮ ದುಂಡು ಕೀಲಿಯ ಹಿರಿಯ ಬಂಧುವೆನ್ನಬಹುದು. 1790ರಿಂದ ಅಂಥ ಒಂದು ಕೀಲಿಯನ್ನು ಲಂಡನ್ನಿನ ಪಿಕಾಡಿಲಿಯ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದರು: ಇದನ್ನು ತೆರೆಯುವ ಉಪಕರಣವನ್ನು ಮಾಡಿ ತಂದವನಿಗೆ 200 ಗಿನ್ನಿ ಬಹುಮಾನ. ಅರವತ್ತು ವರ್ಷ ಯಾರಿಂದಲೂ ಆಗಲಿಲ್ಲ. 1851ರ ಮಹಾಪ್ರದರ್ಶನಕ್ಕೆಂದು ಅಮೇರಿಕೆಯಿಂದ ಬಂದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬಾತ ಪಂಚರನ್ನು ಕೂಡಿಸಿ, ಕರಾರು ಮಾಡಿಕೊಂಡು, ತನ್ನ ಉಪಕರಣಗಳನ್ನು ತಾನೇ ಸಿದ್ಧಪಡಿಸಿ ಕುಳಿತ. ಹದಿನಾರು ದಿನಗಳಲ್ಲಿ ಒಟ್ಟು 51 ತಾಸು ಹೆಣಗಿ ಅದನ್ನು ತೆರೆದ. ಇಂಗ್ಲೆಂಡಿಗೆ ದಿಗಿಲಾಯಿತು. ಇಂಥವನ್ನು ಬಹಿರಂಗವಾಗಿ ಮಾಡಬಹುದೇ, ಬರೆಯಬಹುದೇ ಎಂದು ಚರ್ಚೆಯೆದ್ದಿತು. ಹಾಬ್ಸನ ಕಡೆಯವರು ಕೊಟ್ಟ ಉತ್ತರದ ಸಾರ ಇಷ್ಟು: ಕಳ್ಳರಿಗೆ ನಾವು ಕಲಿಸಬೇಕಾದ್ದೇನೂ ಇಲ್ಲ, ಅವರು ತಮ್ಮ ಕಸಬನ್ನು ಆಗಲೇ ಬಲ್ಲರು, ತಿಳಿಯಬೇಕಾದವನು ಕೀಲಿಯನ್ನು ನಂಬಿ ನಿದ್ದೆ ಮಾಡುವ ಸಂಭಾವಿತ.

ಈ ಉತ್ತರ ನನಗೆ ಒಪ್ಪಿಗೆ. ಪೆನ್ನಿನ ವಿಷಯವನ್ನೇ ನೋಡಿರಿ. ದುಂಡು ಕೀಲಿಯ ಈ ದೌರ್ಬಲ್ಯವನ್ನು 1992ರಲ್ಲಿಯೇ ಇಂಗ್ಲೆಂಡಿನ ಒಂದು ಸೈಕಲ್ ಪತ್ರಿಕೆ ಬರೆದಿತ್ತು. ಆಗ ಯಾರೂ ಕಿವಿಗೊಡಲಿಲ್ಲ. ಹನ್ನೆರಡು ವರ್ಷ ಜನ ಅವೇ ಕೀಲಿಗಳನ್ನು ದುಡ್ಡು ಕೊಟ್ಟು ಕೊಂಡರು. ಸುದ್ದಿಯನ್ನು ಮುಚ್ಚಿಟ್ಟು ಸೈಕಲ್ಲುಗಳನ್ನು ಕಾಯುವದು ಆಗದ ಮಾತು. ಹಾಗಾದರೆ ಹಾಬ್ಸನಿಗೂ ನನಗೂ ಏನು ಅಂತರ? ಇಬ್ಬರೂ ಇನ್ನೊಬ್ಬರ ಕೀಲಿಗೆ ಕೈ ಹಾಕಿದವರೇ. ಅವನು ಹಗಲಿನಲ್ಲಿ, ಒಡೆಯರಿಗೆ ಹೇಳಿ, ಪಂಚರ ಎದುರಿಗೆ ಕುಳಿತ. ನಾನು ಹೆಂಡತಿ ಊರಿಗೆ ಹೋದ ರಾತ್ರಿಯನ್ನು ಆರಿಸಿಕೊಂಡೆ. ಉಪಕರಣದಲ್ಲಿ ಪಾಪವಿಲ್ಲ, ವಿದ್ಯೆಯಲ್ಲಿ ಪಾಪವಿಲ್ಲ. ಬ್ಯಾಟರಿಯ ಬೆಳಕನ್ನು ಅಂಗೈಯಿಂದ ಮರೆಮಾಡಿದ್ದೆನಲ್ಲ, ಅಲ್ಲಿ ಇತ್ತು. ಖಾಲಿ ಮನೆಯಲ್ಲಿ ಯಾರಿಗೆ ಮರೆಮಾಡುತ್ತಿದ್ದೆ?

ಎಲ್ಲ ಕೀಲಿಗಳೂ ಪೂಜ್ಯವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವನು ಧಾರವಾಡದಲ್ಲಿ ಬಾಳಲಾರ. 1824ರ ಸಪ್ಟಂಬರದಲ್ಲಿ ಕಿತ್ತೂರಿನ ದೇಸಾಯಿ ತೀರಿಕೊಂಡಾಗ ದತ್ತಕವನ್ನು ಮಾನ್ಯ ಮಾಡದೆ, ಕಿತ್ತೂರಿನ ಬೊಕ್ಕಸಕ್ಕೆ ಮುದ್ರೆ ಒತ್ತಿಸಿ ಕಾವಲಿಟ್ಟವನು ಇದೇ ಧಾರವಾಡದ ಕಲೆಕ್ಟರ ಥ್ಯಾಕರೆ. ಆ ಅಕ್ಟೋಬರ 23ರಂದು ಕೋಟೆಯ ಎದುರಿಗೆ ಅವನು ಸತ್ತು ಬಿದ್ದ. ಚೆನ್ನಮ್ಮ ಆ ಮುದ್ರೆಯನ್ನು ಗೌರವಿಸಬೇಕಾಗಿತ್ತೆಂದು ನಮ್ಮಲ್ಲಿ ಒಂದು ಕೂಸೂ ಹೇಳದು. ತನ್ನದಲ್ಲದ ಬಾಗಿಲಿಗೆ ಹಾಕಿದ ಕೀಲಿ ಕೀಲಿಯೇ ಅಲ್ಲ, ಅದೊಂದು ಬಗೆಯ ಕನ್ನ. ಆದರೆ ಮಾಸ್ತರರು ತಮ್ಮ ಪೆಟ್ಟಿಗೆಗೆ ತಾವು ಹಾಕಿದ ಕೀಲಿಗೆ ಈ ನ್ಯಾಯವನ್ನು ಎಳೆದು ತರಲು ಬರುವದಿಲ್ಲ. ನಾನು ಎಳೆದು ನೋಡಿದ್ದೇನೆ.

ಹಾಬ್ಸ್ ತೆರೆದ ಇನ್ನೊಂದು ಕೀಲಿಯಿತ್ತು. ಚಬ್ಬ್ ಎಂಬವರದು, 1818ರಲ್ಲಿ ಹುಟ್ಟಿದ್ದು. ಅದರ ಗುಣ ವಿಚಿತ್ರ. ಪರರು ಕೈ ಹಾಕಿ ಮೊಳೆಯನ್ನೋ ತಗಡನ್ನೋ ಹೆಚ್ಚು ಎತ್ತಿದರೆ ಒಳಗೊಂದು ಕೊಂಡಿ ಸಿಕ್ಕಿಕೊಳ್ಳುವದು; ಮುಂದೆ ಒಡೆಯ ತನ್ನ ಕೈ ಹಾಕಿದಾಗ ಕೀಲಿ ಒಮ್ಮೆಗೆ ತಿರುಗದು. ಆಗ ಅವನಿಗೆ ತಿಳಿಯುವದು, ಯಾರೋ ಬಂದಿದ್ದರು. ತಡೆಯುವದಷ್ಟೇ ಅಲ್ಲ, ಹೇಳಿಕೊಡುವ ಕೀಲಿ ಅದು. ಮಾಸ್ತರರ ಕೀಲಿಗೆ ಇಂಥ ಯುಕ್ತಿಯೇನೂ ಇರಲಿಲ್ಲ. ಗೀರು ಆ ಕೆಲಸವನ್ನು ಮಾಡಿತು.

ಆ ವರ್ಷದ ದೀಪಾವಳಿಗೆ ಮಾಸ್ತರರು ಬಂದರು. ಫರಾಳ ಆಯಿತು, ಮಾತಾಯಿತು. ಏಳುವ ಮುಂದೆ, “ಪೆಟ್ಟಿಗಿ ಒಮ್ಮೆ ನೋಡೂಣೇನ್ರಿ” ಎಂದರು. ನಾನೇ ಇಳಿಸಿ ಕೊಟ್ಟೆ. ಕೀಲಿಕೈ ಅವರ ಕಿಸೆಯಲ್ಲಿ ಇತ್ತೋ ಇಲ್ಲವೋ, ಅವರು ತೆಗೆಯಲಿಲ್ಲ. ಧೋತರದ ಚುಂಗಿನಿಂದ ಧೂಳು ಒರೆಸಿದರು. ಒರೆಸುತ್ತ ಒರೆಸುತ್ತ ತೋರುಬೆರಳು ಕೀಲಿಯ ಅಂಚಿನ ಮೇಲೆ ಒಂದು ಸುತ್ತು ಬಂತು. ಅರ್ಧ ಸುತ್ತಿಗೆ ತುಸು ನಿಂತು ಮತ್ತೆ ಮುಂದೆ ಹೋಯಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಇಲ್ಲಿ ಯಾರೂ ಏನೂ ಅನ್ನದಿದ್ದರೂ ನನ್ನ ಕೈ ಹೆಗಲಿಗೆ ಹೋಗುವದೊಂದೇ ಬಾಕಿ. ಮಾಸ್ತರರು, “ಇನ್ನೊಂದು ಅರ್ಧ ಕಪ್ಪು ಚಹಾ ಆಗಲಿ, ರಾಯರ” ಎಂದರು. ಕುಡಿದರು. ಪೆಟ್ಟಿಗೆಯನ್ನು ನಮ್ಮಲ್ಲೇ ಬಿಟ್ಟು ಹೋದರು.

ಆ ಮೇಲೆಯೂ ನಾಲ್ಕೈದು ಸಲ ಬಂದಿದ್ದರು. ಪೆಟ್ಟಿಗೆಯ ಮಾತು ಎತ್ತಲಿಲ್ಲ. ನನ್ನನ್ನು ಕ್ಷಮಿಸಿದ್ದರೇ? ಮೊದಲಿಗಿಂತ ಹೆಚ್ಚು ನಂಬಿದರೇ? ಅಥವಾ ಗೀರು ಕಂಡೇ ಇರಲಿಲ್ಲವೇ? ಅವರ ಕಣ್ಣಿಗೆ ಮೋತಿಬಿಂದು ಬಂದು ಮುಂದೆ ಶಸ್ತ್ರಕ್ರಿಯೆ ಆಯಿತೆಂಬುದನ್ನು ಕೇಳಿದಾಗ, ಹೇಳಲು ನಾಚಿಕೆಯಾಗುತ್ತದೆ, ನನಗೆ ಸ್ವಲ್ಪ ಹಗುರವೆನಿಸಿತ್ತು. ಆದರೆ ಕಣ್ಣಿಗೆ ಪರದೆ ಬಂದರೆ ಬೆರಳಿಗೆ ಬರುವದಿಲ್ಲ. ಕೇಳಬಹುದಾಗಿತ್ತು. ಒಂದು ವಾಕ್ಯ ಸಾಕಾಗಿತ್ತು. ಹದಿನೇಳು ಹದಿನೆಂಟು ವರ್ಷ ಆ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತ ಕೂತೆ. ಅಷ್ಟರಲ್ಲಿ ಬೆಳಗಾವಿಯಿಂದ ಸುದ್ದಿ ಬಂತು.

ಕಳೆದ ಮಳೆಗಾಲದಲ್ಲಿ ಅವರ ಅಳಿಯ, ಅಕ್ಕನ ಮಗ, ಪೆಟ್ಟಿಗೆಗಾಗಿ ಬಂದ. ಕೀಲಿಕೈ ಎಲ್ಲಿಯೂ ಸಿಕ್ಕಿರಲಿಲ್ಲ. ಇಬ್ಬರೂ ಕೂಡಿ ಹುಬ್ಬಳ್ಳಿಗೆ ಹೋಗಿ, ದುರ್ಗದಬೈಲಿನ ಹತ್ತರ ಒಂದು ಮೂಲೆಯಲ್ಲಿ ಕೀಲಿ ರಿಪೇರಿ ಮಾಡುವ ವಯಸ್ಸಾದ ಸಾಹೇಬರ ಮುಂದೆ ಪೆಟ್ಟಿಗೆಯನ್ನು ಇಟ್ಟೆವು. ಅವರು ಮೊದಲು ನೋಡಿದ್ದು ಕೀಲಿಯನ್ನಲ್ಲ, ನಮ್ಮ ಮುಖಗಳನ್ನು. ಪೆಟ್ಟಿಗೆ ಯಾರದು, ಅವರು ಎಲ್ಲಿ, ನೀವು ಅವರಿಗೆ ಏನಾಗಬೇಕು? ಅಳಿಯನ ಆಧಾರ ಕಾರ್ಡು ನೋಡಿ ಒಂದು ಹಳೆಯ ವಹಿಯಲ್ಲಿ ಹೆಸರು, ಊರು ಬರೆದುಕೊಂಡರು. ಸಾಬೂನಿನ ಮೇಲೆ ಅಚ್ಚು ಒತ್ತಿ ತಂದು ಕೈ ಮಾಡಿಕೊಡು ಎನ್ನುವವರನ್ನು ಅವರು ಕಟ್ಟೆ ಹತ್ತಗೊಡುವದಿಲ್ಲವಂತೆ. ಆ ಮೇಲೆ ಕನ್ನಡಕ ಏರಿಸಿ ಕೀಲಿಗೆ ಬಗ್ಗಿದರು.

“ಇದು ಬ್ಯಾರೇ ನಮೂನಿ ಐತ್ರೀ ಸರ. ಏಳು ಮೊಳಿದಕ್ಕ ನನ್ನ ಕಡೆ ಸಾಮಾನು ಐತಿ. ಇದಕ್ಕ ಎಂಟು ಅದಾವು. ಕೂಡಂಗಿಲ್ಲ.”

“ಡ್ರಿಲ್ ಹಾಕಿಬಿಡ್ರಿ. ಎರಡು ಮಿನಿಟಿನ ಕೆಲಸ” ಎಂದ ಅಳಿಯ.

“ಹೌದು ಹೌದು, ಡ್ರಿಲ್ ಹಾಕ್ರಿ” ಎಂದೆ ನಾನು, ಅವನಿಗಿಂತ ಅವಸರದಿಂದ. ಆ ಅವಸರದ ಕಾರಣ ಹೇಳಿಬಿಡುತ್ತೇನೆ. ಡ್ರಿಲ್ ಹಾಕಿದರೆ ಕೀಲಿಯ ಮುಖವೇ ಹಾರಿಹೋಗುವದು, ಮುಖದೊಡನೆ ಗೀರೂ.

ಸಾಹೇಬರು ಒಪ್ಪಲಿಲ್ಲ. “ಮುರಿಯೂದು ಎಲ್ಲಾರಿಗೂ ಬರ್ತೈತ್ರಿ. ಹದಿನೈದು ದಿನ ಬಿಟ್ಟು ಬರ್ರಿ. ಸಾಮಾನು ಮಾಡ್ತೀನಿ.” ಕೀಲಿಯ ಅಂಚಿನ ಮೇಲೆ ಉಗುರು ಆಡಿಸಿ, ತಲೆಯೆತ್ತದೆಯೇ ಮತ್ತೆ ಅಂದರು: “ಇದಕ್ಕ ಮೊದಲ ಯಾರೋ ಕೈ ಹಾಕ್ಯಾರ.”

ಮೇಲೆ ಮಳೆಯ ಹನಿ ತಗಡಿನ ಮೇಲೆ ಬೀಳುತ್ತಿತ್ತು. ಅಳಿಯ ನನ್ನನ್ನು ನೋಡಲಿಲ್ಲ. ನೋಡಿದ್ದರೆ ಬಹುಶಃ ಸುಳ್ಳು ಹೇಳುತ್ತಿದ್ದೆ. “ನಾನ ಹಾಕಿದ್ದೆ” ಎಂದೆ. ಅಷ್ಟು ವರ್ಷ ತಿದ್ದಿದ ವಾಕ್ಯ ಬಾಯಿಗೆ ಬರಲಿಲ್ಲ, ಬಂದದ್ದು ಇದು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಯಾವಾಗ್ರಿ?”

“2005ರಾಗ.”

“ಆಮ್ಯಾಲೆ ಮಾವ ನಿಮ್ಮಲ್ಲೆ ಬಂದಿದ್ರಲ್ಲ?”

“ಬಂದಿದ್ದರು. ನೋಡಿದ್ರು.”

“ಒಯ್ಯಲಿಲ್ಲ.”

“ಒಯ್ಯಲಿಲ್ಲ” ಎಂದೆ.

ಅವನು ತಲೆಯಾಡಿಸಿ ಸಾಹೇಬರಿಗೆ ಎಷ್ಟು ಮುಂಗಡ ಬೇಕೆಂದು ಕೇಳಿದ.

ಹದಿನೈದು ದಿನವೆಂದದ್ದು ಒಂದು ತಿಂಗಳಾಯಿತು. ಮೊದಲು ಮಾಡಿದ ಕೊಳವೆ ಒಂದು ಎಳೆ ದಪ್ಪವಾಗಿ ಸಂದಿನಲ್ಲಿ ಇಳಿಯಲಿಲ್ಲವಂತೆ. ಎರಡನೆಯದನ್ನು ಹಿತ್ತಾಳೆಯ ಕೊಳವೆಯಿಂದ ಕಡೆದು, ಸುತ್ತ ಎಂಟು ಗಾಡಿಗಳನ್ನು ಅರದಿಂದ ತೀಡಿ, ಎಂಟು ಉಕ್ಕಿನ ಕಡ್ಡಿಗಳನ್ನು ಕೂಡಿಸಿ, ಮೇಲೊಂದು ರಬ್ಬರಿನ ಉಂಗುರ ಬಿಗಿದಿದ್ದರು. ನಾವು ಹೋದಾಗ ಅವರು ಅದನ್ನು ಕೀಲಿಗೆ ಕೂಡಿಸಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದ ಆಡಿಸುತ್ತ ಕುಳಿತರು. ಮೂರು ಸಲ ತೆಗೆದು ಮತ್ತೆ ಹಾಕಿದರು. ಒಂದು ತಾಸೇ ಹಿಡಿದಿರಬೇಕು. ಕೀಲಿ ತಿರುಗಿದಾಗ ಸಪ್ಪಳವೇ ಆಗಲಿಲ್ಲ.

ಅವರು ಮುಚ್ಚಳ ಎತ್ತಲಿಲ್ಲ. ಪೆಟ್ಟಿಗೆಯನ್ನು ಅಳಿಯನ ಕಡೆಗೆ ತಿರುಗಿಸಿ ಸರಿಸಿ, ತಾವು ಪಕ್ಕಕ್ಕೆ ಮುಖ ಮಾಡಿದರು. ನಾನೂ ಎದುರು ಗಾಡಿಯವನು ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುವದನ್ನು ನೋಡುತ್ತ ನಿಂತೆ. ಮುಚ್ಚಳ ತೆರೆದ ಸಪ್ಪಳ ಕೇಳಿತು. ಕಾಗದ ಸರಿದಾಡಿದ ಸಪ್ಪಳವೂ ಕೇಳಿತು. “ನೋಡ್ತೀರೇನ್ರಿ?” ಎಂದು ಅಳಿಯ ಕೇಳಿದ. ಬ್ಯಾಡ ಎಂದೆ. ನೋಡುವ ಆಶೆ ಇರಲಿಲ್ಲವೇ? ಇತ್ತು. ಇದನ್ನು ಬರೆಯುತ್ತಿರುವಾಗಲೂ ಇದೆ.

ಕಡ್ಡಿಗಳು ನಿಂತ ಆಳವನ್ನು ನೋಡಿ ಹೊಸ ಕೀಲಿಕೈ ಕೊರೆದು ಕೊಡಲೇ ಎಂದು ಸಾಹೇಬರು ಕೇಳಿದರು. ಅಳಿಯ ಬೇಡವೆಂದ, ಕೀಲಿ ಹಾಕದೆಯೇ ಪೆಟ್ಟಿಗೆಯನ್ನು ಬಗಲಲ್ಲಿ ಇಟ್ಟುಕೊಂಡು ಬೆಳಗಾವಿಯ ಬಸ್ಸಿಗೆ ಹೊರಟ. ನಾನು ಹಿಂದೆ ಉಳಿದೆ. ಆ ಹಿತ್ತಾಳೆಯ ಸಾಮಾನು ಬಹಳ ಚೆನ್ನಾಗಿತ್ತು. ಎಂಟು ಕಡ್ಡಿಗಳು ಎಂಟು ಎತ್ತರದಲ್ಲಿ ಒಂದು ಪುಟ್ಟ ಊರಿನ ಮನೆಗಳಂತೆ ನಿಂತಿದ್ದವು. ನೆನಪಿಗೆ ಇಟ್ಟುಕೊಳ್ಳುತ್ತೇನೆ, ಎಷ್ಟು ಕೊಡಲಿ, ಎಂದು ಕೇಳಿದೆ.

“ಅದನ್ನ ಕೊಡಾಕ ಬರಂಗಿಲ್ರೀ ಸರ” ಎಂದರು ಸಾಹೇಬರು. ಉಂಗುರ ಸಡಿಲಿಸಿ ಎಂಟೂ ಕಡ್ಡಿಗಳನ್ನು ಬೆರಳಿನಿಂದ ಒಂದೇ ಮಟ್ಟಕ್ಕೆ ಒತ್ತಿ, ಹಿಂದಿನ ಮೊಳೆಗೆ ತೂಗುಹಾಕಿ, ನನ್ನ ಹಿಂದೆ ನಿಂತವನ ಕಡೆಗೆ ಕೈ ಚಾಚಿದರು.